ಒಂದು ಹೆಸರು, ಎರಡು ಸರೋವರ

ಆಸ್ಟ್ರೇಲಿಯ ಖಂಡದ ದಕ್ಷಿಣಕ್ಕೆ, ಒಂದು ಜಲಸಂಧಿಯನ್ನು ದಾಟಿದರೆ, ಟಾಸ್ಮೇನಿಯ ಎಂಬ ದ್ವೀಪವಿದೆ. ಈ ಹೊತ್ತು ಅದರ ಭೂಪಟವನ್ನು ಬಿಡಿಸಿ ನೋಡಿದರೆ, ನೈಋತ್ಯ ಮೂಲೆಯ ಪರ್ವತಗಳ ನಡುವೆ 'ಪೆಡರ್ ಸರೋವರ' ಎಂಬ ಹೆಸರು ಕಾಣುತ್ತದೆ. ಆ ಹೆಸರಿನಡಿ ನೀಲಿಯ ದೊಡ್ಡದೊಂದು ಹರಹು, ಸುಮಾರು 240 ಚದರ ಕಿಲೋಮೀಟರಿನಷ್ಟು. 1972ಕ್ಕೆ ಮುಂಚಿನ ಭೂಪಟದಲ್ಲಿಯೂ ಇದೇ ಹೆಸರು ಇದೇ ಎಡೆಯಲ್ಲಿ ಅಚ್ಚಾಗಿತ್ತು. ಆದರೆ ಅದರಡಿ ಇದ್ದ ನೀಲಿಯ ಚುಕ್ಕೆ ಹತ್ತು ಚದರ ಕಿಲೋಮೀಟರಿನ ಆಸುಪಾಸಿನದು. ಆ ಸರೋವರ ಬೆಳೆದು ಈ ಸರೋವರವಾಯಿತೆಂದು ಭೂಪಟವನ್ನು ಮಾತ್ರ ನೋಡಿದವರು ತಿಳಿದಾರು. ನಡೆದದ್ದು ಬೇರೆ. ಹಳೆಯ ಸರೋವರ ಮುಳುಗಿಹೋಯಿತು. ಸರೋವರವೊಂದು ನೀರಿನಲ್ಲಿ ಮುಳುಗುವುದೆಂಬ ಮಾತು ವಿಚಿತ್ರವಾಗಿ ಕೇಳಿಸಬಹುದು. ಆದರೆ ನಡೆದದ್ದಕ್ಕೆ ಬೇರೆ ಮಾತಿಲ್ಲ. ಅಣೆಕಟ್ಟುಗಳ ಹಿಂದೆ ಏರಿದ ನೀರು ಹಳೆಯ ಸರೋವರವನ್ನು ಸುಮಾರು ಹದಿನೈದು ಮೀಟರ್ ಆಳಕ್ಕೆ ಇಳಿಸಿತು. ಹೊಸ ಜಲಾಶಯಕ್ಕೆ ಹಳೆಯ ಸರೋವರದ ಹೆಸರನ್ನೇ ಇಡಲಾಯಿತು.

ನನಗೆ ಈ ಇಡೀ ಪ್ರಸಂಗದಲ್ಲಿ ಅತ್ಯಂತ ಕಠೋರವಾಗಿ ತೋರುವುದು ಮುಳುಗಡೆಗಿಂತಲೂ ಈ ನಾಮಕರಣವೇ. ಸತ್ತವರ ಹೆಸರನ್ನು ಮಕ್ಕಳಿಗೆ ಇಡುವುದು ಎಲ್ಲ ಕಡೆಯೂ ಉಂಟು. ಅಲ್ಲಿ ಸತ್ತವರು ಸತ್ತರೆಂಬುದನ್ನು ಯಾರೂ ಮುಚ್ಚಿಡುವುದಿಲ್ಲ. ಇಲ್ಲಿ ಹೆಸರು ಮುಂದುವರಿದುದರಿಂದ ವಸ್ತುವೂ ಮುಂದುವರಿದಂತೆ ಆಯಿತು. 'ಪೆಡರ್ ಸರೋವರ ಎಲ್ಲಿ ಹೋಯಿತು?' ಎಂದು ಕೇಳುವವನಿಗೆ 'ಇಗೋ, ಇಲ್ಲೇ ಇದೆ, ಮೊದಲಿಗಿಂತ ದೊಡ್ಡದಾಗಿದೆ' ಎಂದು ಬೆರಳು ತೋರಿಸಬಹುದು. ಹಳೆಯದನ್ನು ಹೊಸದರಿಂದ ಬೇರ್ಪಡಿಸಿ ಹೇಳಲು ಮಾತೇ ಉಳಿಯದ ಸ್ಥಿತಿ. ಆ ಸ್ಥಿತಿಯಲ್ಲಿ ಉಳಿದದ್ದು ಚಿತ್ರಗಳು. ಹೆಚ್ಚಾಗಿ ಒಬ್ಬನೇ ಮನುಷ್ಯ ಬೆನ್ನ ಮೇಲೆ ಕ್ಯಾಮೆರಾ ಹೊತ್ತು, ಹಲವು ವರ್ಷ ಹೋಗಿ ಬಂದು, ಬಣ್ಣದ ಫಿಲ್ಮಿನ ಮೇಲೆ ಹಿಡಿದ ಚಿತ್ರಗಳು. ಆ ಮನುಷ್ಯನ ವಿಚಾರವಾಗಿಯೂ ಅವನ ಹಿಂದೆ ಬಂದ ಇನ್ನೊಬ್ಬನ ವಿಚಾರವಾಗಿಯೂ ಕೆಲವು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಸ್ಥಳದ ಪರಿಚಯ. ಸರೋವರಕ್ಕೆ ಆ ಹೆಸರು ಬಂದದ್ದು 1835ರಲ್ಲಿ. ಜಾನ್ ವೆಜ್ ಎಂಬ ಭೂಮಾಪಕ ಆ ಕಡೆ ಹೋದವನು, ಆಗಿನ ವಸಾಹತಿನ ಮುಖ್ಯ ನ್ಯಾಯಾಧೀಶನಾಗಿದ್ದ ಜಾನ್ ಪೆಡರನ ಹೆಸರನ್ನು ಅದಕ್ಕೆ ಅಂಟಿಸಿದ. ಸಮುದ್ರಮಟ್ಟದಿಂದ ಮುನ್ನೂರು ಮೀಟರಿನಷ್ಟು ಎತ್ತರ, ಅಂಥ ಎತ್ತರವೇನಲ್ಲ. ಆದರೆ ಸುತ್ತ ಫ್ರಾಂಕ್‌ಲ್ಯಾಂಡ್ ಶ್ರೇಣಿಯ ಗರಗಸದಂಥ ಬಂಡೆಯ ತುದಿಗಳು, ನಡುವೆ ಜವುಗು, ಒಂದೇ ಸಮನೆ ಸುರಿಯುವ ಪಶ್ಚಿಮದ ಮಳೆ. ಇವುಗಳ ದೆಸೆಯಿಂದ ಅದು ಬಹುಕಾಲ ದೂರದ ಊರಾಗಿಯೇ ಉಳಿಯಿತು. ಅಲ್ಲಿಗೆ ಹೋಗಬೇಕಾದರೆ ಊಟ ಹಾಸಿಗೆಗಳನ್ನು ಬೆನ್ನಿಗೆ ಕಟ್ಟಿಕೊಂಡು ದಿನಗಟ್ಟಲೆ ನಡೆಯಬೇಕಿತ್ತು. ಇಲ್ಲವೆ ಚಿಕ್ಕ ವಿಮಾನದಲ್ಲಿ ಹೋಗಿ ಸರೋವರದ ಮರಳಿನ ಮೇಲೆಯೇ ಇಳಿಯಬೇಕಿತ್ತು. ಆ ಮರಳ ತೀರವೇ ಸರೋವರದ ಖ್ಯಾತಿ. ಮೂರು ಕಿಲೋಮೀಟರಿನಷ್ಟು ಉದ್ದ. ಬೇಸಿಗೆಯ ಕೊನೆಗೆ ನೀರು ಹಿಂಜರಿದಾಗ ಅರ್ಧ ಕಿಲೋಮೀಟರಿಗೂ ಮಿಕ್ಕ ಅಗಲ. ಬೆಣಚುಕಲ್ಲು ಪುಡಿಯಾಗಿ ಆದ ಮರಳು, ನಸುಗೆಂಪು ಬಣ್ಣ. ನೀರು ತಿಳಿಯಾದರೂ ಚಹಾದ ಕಷಾಯದ ಬಣ್ಣದ್ದು. ಸುತ್ತಲಿನ ಹುಲ್ಲುಬಯಲುಗಳ ಕೊಳೆತ ಬೇರು ಎಲೆಗಳ ಒಗರು ಅದರಲ್ಲಿ ಇಳಿದಿರುತ್ತಿತ್ತು. ಆ ಗಾಢವರ್ಣದಿಂದಾಗಿ, ಗಾಳಿ ನಿಂತ ಹೊತ್ತಿನಲ್ಲಿ, ಪರ್ವತಗಳ ಪ್ರತಿಬಿಂಬ ಪರ್ವತಗಳಷ್ಟೇ ಸ್ಪಷ್ಟವಾಗಿ ಅದರಲ್ಲಿ ಬೀಳುತ್ತಿತ್ತು.

ಹುಲ್ಲುಬಯಲೆಂದೆ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯ ಹುಲ್ಲುಗಾವಲನ್ನು ಕಲ್ಪಿಸಿಕೊಂಡರೆ ಅದು ಸರಿಹೊಂದದು. ಅಲ್ಲಿ ಬೆಳೆಯುವುದು ಬಟನ್ ಹುಲ್ಲೆಂದು ಕರೆಯುವ, ಜೊಂಡಿನ ಜಾತಿಯ ಸಸ್ಯ. ಮೊಣಕಾಲೆತ್ತರದ ಗಡ್ಡೆಗಡ್ಡೆಯಾದ ಪೊದರುಗಳು. ಒಂದೊಂದು ಪೊದರಿನಿಂದಲೂ ನೀಳವಾದ ಕಡ್ಡಿಗಳೆದ್ದು ತುದಿಯಲ್ಲಿ ಗುಂಡಿಯಂಥ ಹೂ. ಪೊದರುಗಳ ನಡುವೆ ಕಾಲಿಟ್ಟರೆ ಕೆಸರು. ನಡೆಯುವವನಿಗೆ ನರಕ, ನೋಡುವವನಿಗೆ ಹೊಂಬಣ್ಣದ ಸಮುದ್ರ. ಆ ಬಯಲಿನ ಮಾತಿಗೆ ಮುಂದೆ ಇನ್ನೊಮ್ಮೆ ಬರುತ್ತೇನೆ.

ಓಲೆಗಾಸ್ ಟ್ರುಖಾನಾಸ್ ಹುಟ್ಟಿದ್ದು 1923ರಲ್ಲಿ, ಲಿಥುವೇನಿಯ ದೇಶದ ಶಾವ್ಲೈ ಎಂಬ ಪಟ್ಟಣದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಆ ಚಿಕ್ಕ ದೇಶವನ್ನು ಒಮ್ಮೆ ಪೂರ್ವದವರು, ಒಮ್ಮೆ ಪಶ್ಚಿಮದವರು, ಮತ್ತೊಮ್ಮೆ ಪೂರ್ವದವರು ತುಳಿದುಹೋದರು. ಪ್ರತಿರೋಧದ ಹೋರಾಟದಲ್ಲಿ ಸೇರಿದ್ದ ತರುಣ ಕೊನೆಗೆ ಜರ್ಮನಿಯ ನಿರಾಶ್ರಿತರ ಶಿಬಿರವನ್ನು ಸೇರಿಕೊಂಡ. ಅಲ್ಲಿಂದ 1948ರಲ್ಲಿ ಟಾಸ್ಮೇನಿಯಕ್ಕೆ ಬಂದ. ಹೀಗೆ ಬಂದ ನಿರಾಶ್ರಿತರು ಸರಕಾರ ಹೇಳಿದ ಕಡೆ ಎರಡು ವರ್ಷ ದುಡಿಯಬೇಕೆಂಬುದು ಕರಾರು. ಇವನ ಪಾಲಿಗೆ ಬಂದದ್ದು ಸತುವಿನ ಕಾರ್ಖಾನೆಯ ಕೂಲಿ. ಅದು ಮುಗಿದ ತರುವಾಯ ಜಲವಿದ್ಯುತ್ ಆಯೋಗದಲ್ಲಿ ನೌಕರಿ ಸಿಕ್ಕಿತು. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಬೇಕು. ಟಾಸ್ಮೇನಿಯದ ನದಿಗಳನ್ನು ಒಂದೊಂದಾಗಿ ಕಟ್ಟುತ್ತ ಬಂದ, ರಾಜ್ಯದ ಸರಕಾರಕ್ಕಿಂತಲೂ ಬಲವಾದದ್ದೆಂದು ಜನ ಆಡಿಕೊಳ್ಳುತ್ತಿದ್ದ ಸಂಸ್ಥೆ ಅದು. ಸರೋವರವನ್ನು ಮುಳುಗಿಸಿದವರ ಸಂಬಳವನ್ನೇ ಸರೋವರದ ಚಿತ್ರಕಾರನೂ ಉಣ್ಣುತ್ತಿದ್ದ.

ವಾರದ ದಿನಗಳಲ್ಲಿ ಕಚೇರಿ. ರಜೆ ಬಂತೆಂದರೆ ಕಾಡು. ತಾನೇ ಮಾಡಿಕೊಂಡ, ಬಿಚ್ಚಿ ಕಟ್ಟಬಹುದಾದ ದೋಣಿಯೊಂದನ್ನು ಹೊತ್ತುಕೊಂಡು ಒಬ್ಬನೇ ಹೊರಡುತ್ತಿದ್ದ. ಪೆಡರ್ ಸರೋವರದಿಂದ ಹೊರಡುವ ಸರ್ಪೆಂಟೈನ್ ನದಿಯನ್ನು ಹಿಡಿದು, ಅದು ಸೇರುವ ಗಾರ್ಡನ್ ನದಿಯಲ್ಲಿ ಇಳಿದು, ಪಶ್ಚಿಮದ ಕಡಲತೀರವನ್ನು ಮುಟ್ಟಬೇಕೆಂಬುದು ಅವನ ಹಂಬಲ. ಗಾರ್ಡನ್ ನದಿ ಒಂದೆಡೆ ಬಂಡೆಗಳನ್ನು ಸೀಳಿಕೊಂಡು ಹರಿಯುತ್ತದೆ. ಆ ಸೀಳಿನೊಳಗೆ ಹೋಗಿ ಬಂದವರೇ ಇಲ್ಲವೆಂಬ ಪ್ರತೀತಿ. 1954ರ ಮೊದಲ ಪ್ರಯತ್ನ ವಿಫಲವಾಯಿತು. 1958ರಲ್ಲಿ ಮತ್ತೆ ಹೋದ, ಒಂಟಿಯಾಗಿ, ಮತ್ತು ಕಡಲನ್ನು ಮುಟ್ಟಿದ. ಇಂಥವನನ್ನು ಸಾಹಸಿಯೆಂದು ಕರೆದು ಸುಮ್ಮನಾಗಬಹುದಾಗಿತ್ತು. ಆದರೆ ಅವನ ದೋಣಿಯೊಳಗೆ, ನೀರು ಹೋಗದಂತೆ ಕಟ್ಟಿದ ಕ್ಯಾಮೆರಾ ಇರುತ್ತಿತ್ತು. ಕಂಡದ್ದನ್ನು ಕಾಣದವರ ಮುಂದೆ ಇಡಬೇಕೆಂಬ ಕರ್ತವ್ಯಬುದ್ಧಿ ಅದರ ಜೊತೆಗಿತ್ತು.

ಅವನು ಬಳಸುತ್ತಿದ್ದದ್ದು ಪಾರದರ್ಶಿಕೆಯನ್ನು ಕೊಡುವ ಬಣ್ಣದ ಫಿಲ್ಮು. ನಾವು ಸಾಮಾನ್ಯವಾಗಿ ಸ್ಲೈಡ್ ಎನ್ನುವುದು. ಇದರ ಗುಣವನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ಕಥೆಯ ಪೆಟ್ಟು ತಿಳಿಯದು. ನಮ್ಮ ಮನೆಗಳ ಮದುವೆಯ ಚಿತ್ರಗಳಿಗೆ ಬಳಸುತ್ತಿದ್ದ ಫಿಲ್ಮಿನಲ್ಲಿ ಮೊದಲು ನೆಗೆಟಿವ್ ಮೂಡುತ್ತದೆ. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ತಿರುಗಿದ ಆ ಪಟ್ಟಿಯಿಂದ ಎಷ್ಟು ಪ್ರತಿಗಳನ್ನು ಬೇಕಾದರೂ ತೆಗೆದು ನೆಂಟರಿಷ್ಟರಿಗೆ ಹಂಚಬಹುದು. ಸ್ಲೈಡಿನಲ್ಲಿ ಹಾಗಲ್ಲ. ಕ್ಯಾಮೆರಾದೊಳಗೆ ಕುಳಿತಿದ್ದ ಫಿಲ್ಮಿನ ತುಂಡೇ, ರಾಸಾಯನಿಕಗಳಲ್ಲಿ ಮಿಂದು ಬಣ್ಣಗಳನ್ನು ನೇರವಾಗಿ ತಳೆದು, ಕೊನೆಯ ಚಿತ್ರವಾಗುತ್ತದೆ. ಆ ಮರಳಿನಿಂದ ಪುಟಿದ ಬೆಳಕು ತಾಕಿದ ತುಂಡು ಯಾವುದೋ ಅದನ್ನೇ ನಾವು ಗೋಡೆಯ ಮೇಲೆ ಬೆಳಗಿಸಿ ನೋಡುತ್ತೇವೆ. ಮೂಲವೂ ಅದೇ, ಚಿತ್ರವೂ ಅದೇ. ಬೆಳಕಿನ ಅಳತೆಯಲ್ಲಿ ಅದು ತಪ್ಪನ್ನು ಕ್ಷಮಿಸುವುದಿಲ್ಲ. ಸ್ವಲ್ಪ ಹೆಚ್ಚಾದರೆ ಮೋಡಗಳು ಬಿಳಿಯ ಬರಿದಾಗುತ್ತವೆ, ಸ್ವಲ್ಪ ಕಡಿಮೆಯಾದರೆ ಕಣಿವೆಗಳು ಮಸಿಯಾಗುತ್ತವೆ. ಇನ್ನೊಂದು ಕಷ್ಟವೂ ಉಂಟು. ಪ್ರೊಜೆಕ್ಟರಿನ ದೀಪ ಬಲವಾದದ್ದು. ಪ್ರತಿ ಪ್ರದರ್ಶನದಲ್ಲೂ ಆ ಬಣ್ಣಗಳು ಕಾಣದಷ್ಟು ಕೊಂಚ ಮಾಸುತ್ತವೆ. ಜನರಿಗೆ ತೋರಿಸಿದಷ್ಟೂ ಸ್ಲೈಡು ಸವೆಯುತ್ತದೆ. ಕತ್ತಲಲ್ಲಿ ಬಚ್ಚಿಟ್ಟರೆ ಉಳಿಯುತ್ತದೆ, ಆದರೆ ಯಾರಿಗೂ ಒದಗುವುದಿಲ್ಲ.

1955ರಲ್ಲಿ ಪೆಡರ್ ಸರೋವರವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿತ್ತು. ಕಾಗದದ ಮೇಲೆ ಅದಕ್ಕಿಂತ ಭದ್ರವಾದ ರಕ್ಷಣೆ ಬೇರೆ ಇರಲಿಲ್ಲ. ಹನ್ನೆರಡು ವರ್ಷಗಳಲ್ಲಿ ಆ ಕಾಗದ ಹರಿಯಿತು. ಗಾರ್ಡನ್ ನದಿಗೆ ಎತ್ತರವಾದ ಅಣೆಕಟ್ಟು, ಅದಕ್ಕೆ ನೀರುಣಿಸಲು ಪೆಡರ್ ಕಣಿವೆಯ ಬಾಯಿಗಳಿಗೆ ಇನ್ನು ಮೂರು ಅಣೆಕಟ್ಟು: ಇದು ಆಯೋಗದ ಯೋಜನೆ. ಮುಖ್ಯಮಂತ್ರಿ ಎರಿಕ್ ರೀಸ್ ವಿದ್ಯುತ್ತಿನ ಮೇಲಿನ ಭಕ್ತಿಗಾಗಿ 'ಎಲೆಕ್ಟ್ರಿಕ್ ಎರಿಕ್' ಎಂಬ ಅಡ್ಡಹೆಸರನ್ನು ಪಡೆದಿದ್ದವರು. ಉದ್ಯಾನದಲ್ಲಿ ಕೊಂಚ ಮಾರ್ಪಾಟು ಆಗಬಹುದೆಂದಷ್ಟೇ ಅವರು ಮೊದಲು ತಿಳಿಸಿದ್ದು. ಮಾರ್ಪಾಟು ಎಂದರೆ ಮುಳುಗಡೆಯೆಂದು ಜನಕ್ಕೆ ಅರ್ಥವಾಗುವ ಹೊತ್ತಿಗೆ 1967 ಬಂದಿತ್ತು. ಶಾಸನಸಭೆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಡು ಬಡತನದ ನೆನಪು ಮಾಸದ ಆ ದ್ವೀಪದಲ್ಲಿ ಅಗ್ಗದ ವಿದ್ಯುತ್ತೆಂದರೆ ಕಾರ್ಖಾನೆ, ಕೂಲಿ, ಮಕ್ಕಳ ಭವಿಷ್ಯ. ರೀಸರನ್ನು ರಾಕ್ಷಸನನ್ನಾಗಿ ಚಿತ್ರಿಸುವುದು ಸುಲಭ; ನ್ಯಾಯವಲ್ಲ. ಕಾಣದ ಒಂದು ಸರೋವರಕ್ಕಾಗಿ ಕಾಣುವ ಅನ್ನವನ್ನು ಬಿಡಿ ಎಂದು ಕೇಳುವುದು ಯಾವ ಮತದಾರನಿಗೂ ರುಚಿಸದ ಮಾತು. ಆ 'ಕಾಣದ' ಎಂಬ ಪದವನ್ನು ಅಳಿಸುವುದೇ ಟ್ರುಖಾನಾಸನ ಕೆಲಸವಾಗಿತ್ತು.

ಅದೇ 1967ರ ಫೆಬ್ರವರಿ 7ರಂದು ದಕ್ಷಿಣ ಟಾಸ್ಮೇನಿಯಕ್ಕೆ ಕಾಡ್ಗಿಚ್ಚು ಬಿತ್ತು. ಕೆಲವೇ ಗಂಟೆಗಳಲ್ಲಿ ಅರುವತ್ತಕ್ಕೂ ಮಿಕ್ಕಿ ಜನ ಸತ್ತರು. ರಾಜಧಾನಿ ಹೋಬಾರ್ಟಿನ ಅಂಚಿನ ಬಡಾವಣೆಗಳು ಸುಟ್ಟವು. ಟ್ರುಖಾನಾಸನ ಹೆಂಡತಿ ಮಕ್ಕಳು ಉಳಿದರು, ಮನೆ ಉಳಿಯಲಿಲ್ಲ. ಮನೆಯೊಡನೆ ಹತ್ತೊಂಬತ್ತು ವರ್ಷಗಳ ಚಿತ್ರಗಳೂ ಬೂದಿಯಾದವು. ಸ್ಲೈಡಿಗೆ ನೆಗೆಟಿವ್ ಇಲ್ಲವೆಂದು ಹೇಳಿದೆನಲ್ಲ. ಬೇರೆ ಎಲ್ಲಿಯೂ ಪ್ರತಿಯಿರದ ಚಿತ್ರಗಳು ಅವು. ಸರೋವರ ಮುಳುಗುವುದು ಗೊತ್ತುಮಾಡಲ್ಪಟ್ಟ ವರ್ಷದಲ್ಲಿಯೇ ಅದರ ಚಿತ್ರಗಳೂ ಸುಟ್ಟುಹೋದವು.

ಆಗ ಅವನಿಗೆ ನಲವತ್ತಮೂರು ವಯಸ್ಸು. ಮನೆಯನ್ನು ಮತ್ತೆ ಕಟ್ಟಬೇಕಿತ್ತು, ಕಟ್ಟಿದ. ಚಿತ್ರಗಳನ್ನೂ ಮೊದಲಿನಿಂದ ತೆಗೆಯತೊಡಗಿದ. ಇಲ್ಲಿ ನಾನು ಕೊಂಚ ನಿಲ್ಲುತ್ತೇನೆ. ಕಳೆದುಹೋದ ಬರಹವನ್ನು ಮತ್ತೆ ಬರೆಯುವವನಿಗೆ ನೆನಪು ನೆರವಾದೀತು. ಛಾಯಾಗ್ರಾಹಕನಿಗೆ ನೆನಪಿನಿಂದ ಏನೂ ಆಗದು. ಅವನು ಮತ್ತೆ ಅಲ್ಲಿಗೇ ಹೋಗಬೇಕು. ಅದೇ ಕೆಸರಿನಲ್ಲಿ ನಡೆದು, ಅದೇ ಮಳೆಯಲ್ಲಿ ಡೇರೆಯೊಳಗೆ ಕಾದು, ಗಾಳಿ ನಿಲ್ಲುವ ಮುಂಜಾವಕ್ಕೆ ಎದ್ದು ಕೂರಬೇಕು. ಮೊದಲ ಸಲ ತೆಗೆದಾಗ ಸರೋವರ ಎಂದೆಂದಿಗೂ ಇರುವ ವಸ್ತು. ಎರಡನೆಯ ಸಲ ತೆಗೆಯುವಾಗ ಅದಕ್ಕೆ ಗಡುವು ಬಿದ್ದಿತ್ತು. ಈಗ ನಮಗೆ ಅಚ್ಚಿನಲ್ಲಿ ಸಿಗುವ ಚಿತ್ರಗಳು ಈ ಎರಡನೆಯ ಸರದಿಯವು. ನಾನು ಕಂಡವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮರಳನ್ನು ಕುರಿತವು. ನಸುಗೆಂಪಿನ ಹಾಸು, ಅದರ ಮೇಲೆ ನೀರು ಹಿಂಜರಿದು ಬಿಟ್ಟುಹೋದ ಬಳುಕು ಗೆರೆಗಳು, ಆಚೆ ಕಂದು ನೀರು, ಅದರಾಚೆ ನೀಲಿಯ ಬೆಟ್ಟ. ಎಲ್ಲಿಯೂ ಅರಚಾಟವಿಲ್ಲ. ಕಣ್ಣು ಕುಕ್ಕುವ ಸೂರ್ಯಾಸ್ತಗಳಿಗಿಂತ ಮಂದಬೆಳಕಿನ ಹೊತ್ತುಗಳಲ್ಲಿ ಅವನ ಶಕ್ತಿ ಹೆಚ್ಚಾಗಿ ಕಾಣುತ್ತದೆಂದು ನನ್ನ ಅಭಿಪ್ರಾಯ.

ಆಯೋಗದ ನೌಕರನಾದ್ದರಿಂದ ಯೋಜನೆಯ ವಿರುದ್ಧ ಅವನು ಬಹಿರಂಗ ಭಾಷಣ ಮಾಡುವಂತಿರಲಿಲ್ಲ. ಚಿತ್ರ ತೋರಿಸಬೇಡವೆಂದು ಮಾತ್ರ ಯಾರೂ ಹೇಳಲಾರರು. 1971ರಲ್ಲಿ ಹೋಬಾರ್ಟಿನ ಪುರಭವನದಲ್ಲಿ ಅವನ ಸ್ಲೈಡುಗಳ ಪ್ರದರ್ಶನ ನಡೆಯಿತು. ಸಂಗೀತದ ಹಿನ್ನೆಲೆ, ಕತ್ತಲ ಸಭಾಂಗಣ, ತೆರೆಯ ಮೇಲೆ ಒಂದಾದ ಮೇಲೊಂದು ಚಿತ್ರ. ಜನ ಕಿಕ್ಕಿರಿದರು, ಪ್ರದರ್ಶನವನ್ನು ಮತ್ತೆ ಮತ್ತೆ ಏರ್ಪಡಿಸಬೇಕಾಯಿತು. ವಾದಕ್ಕೆ ಪ್ರತಿವಾದವಿದೆ, ಕಿಲೋವ್ಯಾಟಿನ ಲೆಕ್ಕಕ್ಕೆ ಇನ್ನೊಂದು ಲೆಕ್ಕವಿದೆ, ಆದರೆ ನಿಶ್ಶಬ್ದವಾದ ಒಂದು ಮರಳ ತೀರಕ್ಕೆ ಎದುರುತ್ತರ ಕೊಡುವುದು ಸುಲಭವಲ್ಲ. ಅದೇ ವರ್ಷ ನೂರಾರು ಜನ ಸರೋವರಕ್ಕೆ ನಡೆದೂ ಹಾರಿಯೂ ಹೋಗಿ ಬಂದರು, ಯಾತ್ರೆಯಂತೆ. ಬಹಳ ಮಂದಿಗೆ ಅದು ಮೊದಲ ದರ್ಶನ, ಕೊನೆಯದೂ ಹೌದು.

1972ರ ಜನವರಿ 6. ಬೆಂಕಿಯಲ್ಲಿ ಕಳೆದುಕೊಂಡ ಚಿತ್ರಗಳಲ್ಲಿ ಗಾರ್ಡನ್ ನದಿಯವು ಇನ್ನೂ ಬಾಕಿ ಇದ್ದವು. ಆ ನದಿಯ ಮೇಲೂ ಅಣೆಕಟ್ಟು ಏಳಲಿತ್ತಾದ್ದರಿಂದ ತಡಮಾಡುವಂತಿರಲಿಲ್ಲ. ಟ್ರುಖಾನಾಸ್ ಹೊರಟ, ನದಿಯಂಚಿನಲ್ಲಿ ಕಾಲು ಜಾರಿ ಸೆಳೆತಕ್ಕೆ ಸಿಕ್ಕಿ ಸತ್ತ. ಹುಡುಕಲು ಹೋದವರಲ್ಲಿ ಒಬ್ಬ ಇಪ್ಪತ್ತಾರು ವರ್ಷದ ತರುಣ. ನೀರಿನಡಿ ಬಿದ್ದಿದ್ದ ಮರಕ್ಕೆ ಸಿಕ್ಕಿಕೊಂಡಿದ್ದ ದೇಹವನ್ನು ಕಂಡವನು ಅವನೇ. ಅವನ ಹೆಸರು ಪೀಟರ್ ಡೊಂಬ್ರೋವ್‌ಸ್ಕಿಸ್.

ಆ ವರ್ಷವೇ ನೀರು ಏರಿತು. ಅದರ ವಿವರಕ್ಕೆ ಹೆಚ್ಚು ಹೋಗುವುದಿಲ್ಲ. ಮಾರ್ಚಿ ತಿಂಗಳಲ್ಲಿ ಹೋಬಾರ್ಟಿನ ಸಭೆಯೊಂದರಲ್ಲಿ 'ಯುನೈಟೆಡ್ ಟಾಸ್ಮೇನಿಯ ಗ್ರೂಪ್' ಎಂಬ ಪಕ್ಷ ಹುಟ್ಟಿತು. ಜಗತ್ತಿನ ಮೊತ್ತಮೊದಲ ಹಸಿರು ಪಕ್ಷವೆಂದು ಇತಿಹಾಸಕಾರರು ಇದನ್ನೇ ಎಣಿಸುತ್ತಾರೆ. ಚುನಾವಣೆಯಲ್ಲಿ ಒಂದು ಸ್ಥಾನವೂ ದಕ್ಕಲಿಲ್ಲ. ಸೆಪ್ಟೆಂಬರಿನಲ್ಲಿ ಬ್ರೆಂಡಾ ಹೀನ್ ಎಂಬ ಮಹಿಳೆ, ಮ್ಯಾಕ್ಸ್ ಪ್ರೈಸ್ ಎಂಬ ಚಾಲಕನೊಡನೆ, ಹಳೆಯ ಟೈಗರ್ ಮಾತ್ ವಿಮಾನವೊಂದರಲ್ಲಿ ರಾಜಧಾನಿ ಕ್ಯಾನ್‌ಬೆರಾದ ಕಡೆಗೆ ಹೊರಟರು, ಆಕಾಶದ ಮೇಲೆ ಹೊಗೆಯಿಂದ ಸರೋವರದ ಪರವಾಗಿ ಬರೆಯಲು. ಅವರೂ ವಿಮಾನವೂ ಇದುವರೆಗೆ ಸಿಕ್ಕಿಲ್ಲ. 1973ರಲ್ಲಿ ಕೇಂದ್ರ ಸರಕಾರ ನೇಮಿಸಿದ ಸಮಿತಿ, ಮುಳುಗಡೆಯನ್ನು ತಡೆದು ಮರುವಿಚಾರ ಮಾಡಬೇಕೆಂದಿತು, ರಾಜ್ಯ ಒಪ್ಪಲಿಲ್ಲ. ಗಾರ್ಡನ್ ಅಣೆಕಟ್ಟು 140 ಮೀಟರ್ ಎತ್ತರಕ್ಕೆ ನಿಂತಿತು. ಅದರ ವಿದ್ಯುದಾಗಾರದ ಸಾಮರ್ಥ್ಯ 432 ಮೆಗಾವ್ಯಾಟ್.

ಚಿತ್ರಗಳು ಸೋತವೆಂದೇ ಹೇಳಬೇಕು. 1975ರಲ್ಲಿ ಟ್ರುಖಾನಾಸನ ಗೆಳೆಯ, ಜಲವರ್ಣ ಕಲಾವಿದ ಮ್ಯಾಕ್ಸ್ ಆಂಗಸ್, ಅವನ ಚಿತ್ರಗಳನ್ನೂ ಬದುಕಿನ ಕಥೆಯನ್ನೂ ಕೂಡಿಸಿ ಒಂದು ದೊಡ್ಡ ಪುಸ್ತಕವನ್ನು ಹೊರತಂದ. ಆಂಗಸ್ ತಾನೂ ಸರೋವರದ ದಡದಲ್ಲಿ ಕುಳಿತು ಅದನ್ನು ಬರೆದವನು. ಆ ಹೊತ್ತಿಗೆ ಚಿತ್ರದಲ್ಲಿದ್ದ ಸ್ಥಳ ನೀರಡಿ ಸೇರಿ ಮೂರು ವರ್ಷವಾಗಿತ್ತು. ಆದರೂ ಪುಸ್ತಕ ಮನೆಮನೆಗಳನ್ನು ಹೊಕ್ಕಿತು. ಹೆಸರು ಒಂದೇ ಆಗಿದ್ದರೂ ಸರೋವರಗಳು ಎರಡು ಎಂಬುದನ್ನು ಭೂಪಟ ಮರೆಮಾಚಿತ್ತು, ಪುಸ್ತಕ ಬಯಲುಮಾಡಿತು. ಚಿತ್ರದ ಸೋಲಿನಲ್ಲಿ ಇಷ್ಟು ಗೆಲುವಿತ್ತು.

ಡೊಂಬ್ರೋವ್‌ಸ್ಕಿಸನೂ ಯುದ್ಧದ ಕೂಸೇ. 1945ರಲ್ಲಿ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಲಾಟ್ವಿಯದ ತಾಯಿತಂದೆಗಳಿಗೆ ಹುಟ್ಟಿದವನು. ತಂದೆ ಯುದ್ಧದಲ್ಲಿ ಕಣ್ಮರೆಯಾದ. 1950ರಲ್ಲಿ ತಾಯಿ ಮಗ ಇಬ್ಬರೇ ಆಸ್ಟ್ರೇಲಿಯಕ್ಕೆ ಬಂದು ಟಾಸ್ಮೇನಿಯದಲ್ಲಿ ನೆಲೆನಿಂತರು. ತಾಯಿ ಹುಡುಗನ ಕೈಗೆ ಕ್ಯಾಮೆರಾ ಕೊಟ್ಟಳು. ದೋಣಿ ನಡೆಸುವುದನ್ನೂ ಕಾಡಿನಲ್ಲಿ ಕಾಯುವುದನ್ನೂ ಕಲಿತದ್ದು ಟ್ರುಖಾನಾಸನಿಂದ. ತಂದೆಯಿಲ್ಲದ ಹುಡುಗನಿಗೆ ಆತ ತಂದೆಯ ಸ್ಥಾನದಲ್ಲಿದ್ದ. ಗುರುವಿನ ಉಪಕರಣ ಹಗುರವಾದದ್ದು; ಶಿಷ್ಯ ಭಾರವಾದದ್ದನ್ನು ಆರಿಸಿಕೊಂಡ. ಅವನದು ನಾಲ್ಕಂಗುಲಕ್ಕೆ ಐದಂಗುಲದ ಬಿಡಿ ಫಿಲ್ಮಿನ ಹಾಳೆಗಳನ್ನು ಬಳಸುವ ಲಿನ್‌ಹಾಫ್ ಕ್ಯಾಮೆರಾ. ಅದನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ತಲೆಯ ಮೇಲೆ ಕಪ್ಪು ಬಟ್ಟೆಯನ್ನು ಹೊದ್ದು, ಹಿಂದಿನ ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಬಿಂಬವನ್ನು ನೋಡಿ ಸರಿಪಡಿಸಬೇಕು. ಆಮೇಲೆ ಹಾಳೆಯನ್ನು ಸೇರಿಸಿ, ಮುಚ್ಚಳ ತೆಗೆದು, ಬೆಳಕು ಬಿಡಬೇಕು. ಒಂದೊಂದು ಹಾಳೆಗೂ ಈ ವಿಧಿಯೆಲ್ಲ ಆಗಬೇಕು, ಹಾಳೆಗಳೋ ಎಣಿಕೆಯವು. ಮಳೆ ಬಂದರೆ ಎಲ್ಲ ಮುಚ್ಚಿಡಬೇಕು. ಆ ನಾಡಿನಲ್ಲಿ ಮಳೆ ಬಾರದ ದಿನವೇ ಅಪರೂಪ. ಇಷ್ಟು ನಿಧಾನವಾದ ಕೆಲಸದಲ್ಲಿ ಚಿತ್ರ ತೆಗೆಯುವುದಕ್ಕಿಂತ ತೆಗೆಯದೆ ಬಿಡುವುದೇ ಹೆಚ್ಚು. ಪಂಚಾಂಗದಂತೆ ಗೋಡೆಗೆ ತೂಗುಹಾಕುವ ಕ್ಯಾಲೆಂಡರುಗಳಲ್ಲಿ ತನ್ನ ಚಿತ್ರಗಳನ್ನು ಅಚ್ಚುಹಾಕಿಸಿದ. 1977ರಲ್ಲಿ ಅದಕ್ಕೆಂದೇ ಸ್ವಂತ ಪ್ರಕಾಶನವನ್ನು ಆರಂಭಿಸಿದ. ಗುರುವಿನ ಚಿತ್ರಗಳನ್ನು ನೋಡಲು ಜನ ಪುರಭವನಕ್ಕೆ ಬರಬೇಕಾಗಿತ್ತು; ಶಿಷ್ಯನ ಚಿತ್ರಗಳು ಜನರ ಅಡುಗೆಮನೆಗೇ ಹೋದವು.

ಆಯೋಗ ಮುಂದಿನ ಅಣೆಕಟ್ಟಿಗೆ ಕೈಯಿಟ್ಟದ್ದು ಗಾರ್ಡನ್ ನದಿಯ ಕೆಳಹರಿವಿನಲ್ಲಿ, ಫ್ರಾಂಕ್ಲಿನ್ ನದಿ ಬಂದು ಕೂಡುವ ಎಡೆಯ ಕೆಳಗೆ. ಕಟ್ಟಿದ್ದರೆ ಫ್ರಾಂಕ್ಲಿನ್ನಿನ ಕಣಿವೆ ಮುಳುಗುತ್ತಿತ್ತು. ಆದರೆ ಈ ಸಲ ಜನ ಪೆಡರನ್ನು ಕಂಡಿದ್ದರು, ಕಳೆದುಕೊಂಡೂ ಇದ್ದರು. 1981ರ ಡಿಸೆಂಬರಿನಲ್ಲಿ ರಾಜ್ಯ ಜನಮತ ಕೇಳಿತು. ಪ್ರಶ್ನೆ ಇದ್ದದ್ದು ಅಣೆಕಟ್ಟು ಇಲ್ಲಿಯೋ ಅಲ್ಲಿಯೋ ಎಂದು ಮಾತ್ರ. ಬೇಡವೆನ್ನಲು ಜಾಗವಿರಲಿಲ್ಲ. ಮತ ಹಾಕಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನ ಅಣೆಕಟ್ಟೇ ಬೇಡವೆಂದು ಚೀಟಿಯ ಮೇಲೆ ತಾವಾಗಿ ಬರೆದುಹಾಕಿದರು. 1982ರ ಡಿಸೆಂಬರಿನಲ್ಲಿ ಆ ಪ್ರದೇಶ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಅದೇ ತಿಂಗಳು ನದಿಯಲ್ಲಿ ದಿಗ್ಬಂಧನ ಆರಂಭವಾಗಿ ಸಾವಿರಕ್ಕೂ ಮಿಕ್ಕಿ ಜನ ಸೆರೆಯಾದರು. 1983ರ ಮಾರ್ಚಿ 5ರಂದು ರಾಷ್ಟ್ರದ ಚುನಾವಣೆ. ಅದಕ್ಕೆ ಕೆಲವೇ ದಿನ ಮುಂಚೆ, ಸಿಡ್ನಿ ಮೆಲ್ಬರ್ನ್ ನಗರಗಳ ಪತ್ರಿಕೆಗಳಲ್ಲಿ ಡೊಂಬ್ರೋವ್‌ಸ್ಕಿಸನ ಒಂದು ಚಿತ್ರ ಪೂರ್ಣಪುಟದ ವರ್ಣ ಜಾಹೀರಾತಾಗಿ ಬಂತು. ಫ್ರಾಂಕ್ಲಿನ್ ನದಿಯ ತಿರುವೊಂದರಲ್ಲಿ ನೀರ ನಡುವೆ ನಿಂತ ಬಂಡೆಯ ದ್ವೀಪ, ಅದರ ಮೇಲೆ ಕಾಡು, ಹಿಂದೆ ಮುಂಜಾವದ ಮಂಜು. ಬೆಳಕನ್ನು ಸಾವಕಾಶವಾಗಿ ಕುಡಿದ ಫಿಲ್ಮಿನ ಮೇಲೆ ನೀರು ಹಾಲಿನ ಎಳೆಗಳಾಗಿ ಮೂಡಿತ್ತು. ಇದನ್ನು ಹಾಳುಮಾಡುವ ಪಕ್ಷಕ್ಕೆ ಮತ ಕೊಡುವಿರಾ ಎಂಬುದು ಅದರ ಜೊತೆಗಿದ್ದ ಪ್ರಶ್ನೆ.

ಈ ಒಂದು ಚಿತ್ರ ಸರಕಾರವನ್ನು ಉರುಳಿಸಿ ನದಿಯನ್ನು ಉಳಿಸಿತೆಂದು ಹೇಳುವವರುಂಟು. ನಾನು ಅಷ್ಟು ದೂರ ಹೋಗಲಾರೆ. ಅಣೆಕಟ್ಟನ್ನು ತಡೆಯುವೆನೆಂದು ಮಾತು ಕೊಟ್ಟಿದ್ದ ಬಾಬ್ ಹಾಕ್ ಗೆದ್ದು ಬಂದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಅಣೆಕಟ್ಟು ನಿಜವಾಗಿ ನಿಂತದ್ದು ಜುಲೈ 1ರಂದು, ಉಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರಲ್ಲಿ ನಾಲ್ವರು ಕೇಂದ್ರದ ಪರವಾಗಿ, ಮೂವರು ವಿರುದ್ಧವಾಗಿ ತೀರ್ಪಿತ್ತಾಗ. ಒಂದೇ ಮತದ ಅಂತರ. ಆದರೆ ಎಂದೂ ಆ ನದಿಯನ್ನು ಕಾಣದ, ಕಾಣಲಾರದ, ಸಾವಿರ ಕಿಲೋಮೀಟರ್ ದೂರದ ನಗರದವನು ಅದು ತನ್ನದೆಂದು ಭಾವಿಸುವಂತೆ ಮಾಡಿದ್ದು ಮಾತ್ರ ಚಿತ್ರವೇ. ಪೆಡರಿನ ಚಿತ್ರಗಳಿಗೆ ಆ ದೂರದ ನೋಟಕರು ತಕ್ಕ ಸಮಯದಲ್ಲಿ ದೊರಕಲಿಲ್ಲ.

ಚಿತ್ರಗಳು ಹೇಳದೆ ಬಿಟ್ಟದ್ದನ್ನೂ ಹೇಳಬೇಕು. ಇಬ್ಬರ ಚಿತ್ರಗಳಲ್ಲೂ ಮನುಷ್ಯರು ಬಹಳ ವಿರಳ. ಸೃಷ್ಟಿಯ ಮೊದಲ ದಿನದಂತೆ, ಯಾರೂ ಕಾಲಿಡದ ನೆಲದಂತೆ ಅವು ಕಾಣುತ್ತವೆ. ಇತಿಹಾಸ ಹಾಗಿಲ್ಲ. ಫ್ರಾಂಕ್ಲಿನ್ ದಡದ ಕುಟಿಕಿನಾ ಎಂಬ ಗುಹೆಯಲ್ಲಿ 1981ರಲ್ಲಿ ಅಗೆದು ನೋಡಿದಾಗ, ಹಿಮಯುಗದ ಕಾಲಕ್ಕೇ, ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಅಲ್ಲಿ ಮೂಲನಿವಾಸಿಗಳು ಒಲೆ ಹೂಡಿ ಬಾಳಿದ ಗುರುತುಗಳು ಸಿಕ್ಕವು. ನ್ಯಾಯಾಲಯದಲ್ಲಿ ನದಿಯ ಪರವಾಗಿ ಆ ಗುಹೆಯೂ ಸಾಕ್ಷಿ ನುಡಿಯಿತು. ಮುಂದೆ ಬರುತ್ತೇನೆಂದ ಹುಲ್ಲುಬಯಲಿನ ಮಾತು ಇದು: ಬಟನ್ ಹುಲ್ಲಿನ ಆ ಹೊಂಬಣ್ಣದ ಹರಹು ಪ್ರಕೃತಿಯೊಂದರದೇ ಕೆಲಸವಲ್ಲ. ಮಳೆ ಅಷ್ಟು ಸುರಿಯುವ ಕಡೆ ಬೆಂಕಿ ಬೀಳದಿದ್ದರೆ ಪೊದೆ ಬಂದು, ಪೊದೆಯ ಹಿಂದೆ ಕಾಡು ಬಂದು ಬಯಲನ್ನು ನುಂಗುತ್ತದೆ. ಸಾವಿರಾರು ವರ್ಷ ಮೂಲನಿವಾಸಿಗಳು ಬೇಟೆಗಾಗಿ, ದಾರಿಗಾಗಿ, ಹದವರಿತು ಸುಡುತ್ತ ಬಂದದ್ದೂ ಬಯಲು ಬಯಲಾಗಿ ಉಳಿದುದಕ್ಕೆ ಒಂದು ಕಾರಣ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರನ್ನು ಕೊಂದೂ ನೆಲದಿಂದ ಕಿತ್ತೂ ಆಯಿತು. ಪಾಳುಬಿದ್ದ ಅವರ ತೋಟವನ್ನು ನಾವು ಅಡವಿಯೆಂದು ಮೆಚ್ಚುತ್ತಿದ್ದೇವೆ. ಬಂದವರು ಬೆಟ್ಟದ ನೀರಿಗೆ ನ್ಯಾಯಾಧೀಶನ ಹೆಸರಿಟ್ಟ ದಿನವೇ ಮೊದಲ ಅಳಿಸುವಿಕೆ ನಡೆದಿತ್ತು. ಮನೆ ಕಳೆದುಕೊಂಡು ಬಂದ ಇಬ್ಬರು ನಿರಾಶ್ರಿತರ ಕ್ಯಾಮೆರಾಗಳೂ ಆ ಮನೆಯವರನ್ನು ಕಾಣಲಿಲ್ಲವೆಂಬುದು ದುಃಖದ ಸಂಗತಿ. ಇದರಿಂದ ಚಿತ್ರಗಳ ಬೆಲೆ ಕುಂದುವುದಿಲ್ಲ. ಅವನ್ನು ನೋಡುವ ನಮ್ಮ ಕಣ್ಣಿಗೆ ಒಂದು ಕೆಲಸ ಹೆಚ್ಚುತ್ತದೆ, ಅಷ್ಟೆ.

ಇನ್ನೊಂದು ಸಂಗತಿಯೂ ಉಂಟು. ಆ ಅಗಲವಾದ ಮರಳ ತೀರ ಬೇಸಿಗೆಯದು. ಮಳೆಗಾಲದಲ್ಲಿ ನೀರು ಬಂದು ಅದರ ಬಹುಭಾಗವನ್ನು ಮುಚ್ಚುತ್ತಿತ್ತು. ಮತ್ತೆ ಬೇಸಿಗೆಗೆ ಬಿಟ್ಟುಕೊಡುತ್ತಿತ್ತು. ಚಿತ್ರಗಳಲ್ಲಿ ಮಾತ್ರ ಎಂದೆಂದಿಗೂ ಬೇಸಿಗೆಯ ಕೊನೆ.

ಆ ಮರಳು ಈಗ ಏನಾಗಿದೆ? 1990ರ ದಶಕದಲ್ಲಿ ವಿಜ್ಞಾನಿಗಳು ಜಲಾಶಯದ ತಳವನ್ನು ಪರೀಕ್ಷಿಸಿದರು. ಹಳೆಯ ತೀರ ಕೊಚ್ಚಿಹೋಗಿರಲಿಲ್ಲ. ಮರಳಿನ ಮೇಲೆ ಹೂಳಿನ ತೆಳುಪದರ ಮಾತ್ರ ಕೂತಿತ್ತು. ನೀರನ್ನು ಇಳಿಸಿ ಸರೋವರವನ್ನು ಮರಳಿ ಪಡೆಯಬಹುದೆಂಬ ಚಳವಳಿ ಆಗ ಎದ್ದಿತು. 1995ರಲ್ಲಿ ಕೇಂದ್ರ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿ, ತಾಂತ್ರಿಕವಾಗಿ ಅದು ಸಾಧ್ಯವೆಂದಿತು. ಆದರೆ ಮಾಡಬೇಕೆಂದು ಶಿಫಾರಸು ಮಾಡಲಿಲ್ಲ. ಬೇಡಿಕೆ ಇನ್ನೂ ನಿಂತಿಲ್ಲ. ಎಂದಾದರೂ ನೀರು ಇಳಿದರೆ, ಬಯಲಾದದ್ದು ಹಳೆಯ 'ಪೆಡರ್' ಹೌದೋ ಅಲ್ಲವೋ ಎಂದು ತಾಳೆ ನೋಡಲು ಟ್ರುಖಾನಾಸನ ಸ್ಲೈಡುಗಳು ಬೇಕಾದಾವು. ಜೀವಿಗಳ ಲೆಕ್ಕ ಬೇರೆ. ಆ ಮರಳಿನಲ್ಲಿ ಒಂದೇ ಒಂದು ಸಲ, 1971ರಲ್ಲಿ, ಒಂದೇ ಒಂದು ಮಾದರಿಯಾಗಿ ದೊರಕಿದ ಎರೆಹುಳು ಮತ್ತೆ ಯಾರಿಗೂ ಸಿಗಲಿಲ್ಲ; ಅದನ್ನು ನಿರ್ನಾಮವಾದವುಗಳ ಪಟ್ಟಿಗೆ ಸೇರಿಸಿದ್ದಾರೆ.

ಡೊಂಬ್ರೋವ್‌ಸ್ಕಿಸ್ 1996ರ ಮಾರ್ಚಿಯಲ್ಲಿ ಸತ್ತ, ವೆಸ್ಟರ್ನ್ ಆರ್ಥರ್ ಶ್ರೇಣಿಯಲ್ಲಿ, ಒಬ್ಬನೇ ಚಿತ್ರ ತೆಗೆಯಲು ಹೋಗಿದ್ದಾಗ, ಹೃದಯಾಘಾತದಿಂದ. ಐವತ್ತೊಂದು ವಯಸ್ಸು. ಅವನ ಮೂರು ಸಾವಿರಕ್ಕೂ ಮಿಕ್ಕ ಪಾರದರ್ಶಿಕೆಗಳು 2007ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿದವು. ಸ್ಲೈಡಿನ ಫಿಲ್ಮುಗಳಲ್ಲೆಲ್ಲ ಹೆಸರುವಾಸಿಯಾದ ಕೊಡಾಕ್ರೋಮ್ ತಯಾರಿಕೆ 2009ರಲ್ಲಿ ನಿಂತಿತು. ಮರುವರ್ಷದ ಕೊನೆಯಲ್ಲಿ ಅದನ್ನು ಸಂಸ್ಕರಿಸುವ ಕಟ್ಟಕಡೆಯ ಪ್ರಯೋಗಶಾಲೆಯೂ ಆ ಕೆಲಸವನ್ನು ನಿಲ್ಲಿಸಿತು.

ಅದೇ ಆರ್ಥರ್ ಶ್ರೇಣಿಯ ಮಡಿಲಲ್ಲಿ ಓಬರಾನ್ ಎಂಬ ಚಿಕ್ಕ ಸರೋವರವಿದೆ; ಹಿಮನದಿ ಕೊರೆದ ಬಟ್ಟಲು, ಸುತ್ತ ಕಡಿದಾದ ಬಂಡೆ. ಡೊಂಬ್ರೋವ್‌ಸ್ಕಿಸ್ 1988ರಲ್ಲಿ ಮೇಲಿನ ಕೋಡಿನಿಂದ ಅದನ್ನು ತೆಗೆದ ಚಿತ್ರ ಬಹಳ ಪ್ರಸಿದ್ಧ. ಪೆಡರಿನಲ್ಲಿ ಬೆರಳುದ್ದದ ಒಂದು ಮೀನಿತ್ತು, ಗ್ಯಾಲಾಕ್ಸಿಯಾಸ್ ಎಂಬ ಕುಲದ್ದು. ಬೇರೆ ಎಲ್ಲಿಯೂ ಇಲ್ಲದ್ದು. ಹೊಸ ಜಲಾಶಯದಲ್ಲಿ ಅನ್ಯ ಮೀನುಗಳ ಬಾಯಿಗೆ ಸಿಕ್ಕಿ ಅದು ಅಳಿಯುತ್ತ ಬಂದಾಗ, 1990ರ ದಶಕದಲ್ಲಿ ವಿಜ್ಞಾನಿಗಳು ಉಳಿದ ಕೆಲವನ್ನು ಹಿಡಿದು ಈ ಓಬರಾನಿಗೆ ತಂದು ಬಿಟ್ಟರು. ಚಿತ್ರ ತೆಗೆದ ದಿನ ಆ ನೀರಿನಲ್ಲಿ ಮೀನಿರಲಿಲ್ಲ. ಈಗ ಇವೆ, ಅಲ್ಲಿಯೇ ಮರಿ ಮಾಡುತ್ತಿವೆ.